ಹೆಂಡತಿಯ ಮಾತ್ರೆ, ಮಗನ ಸಿರಪ್: ಫುಟ್‌ಬಾಲ್ ಆಟಗಾರರ ನೆಪಗಳಲ್ಲಿ ನಿಜವೆಷ್ಟು?

ಎಡಗಾಲಿನವ · ಸಂಜೆ 7:12

ಬಹಳ ದಿನದಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಫುಟ್‌ಬಾಲ್ ಆಟಗಾರ ಸಿಕ್ಕಿಬಿದ್ದಾಗಲೆಲ್ಲ ತಪ್ಪು ಮನೆಯವರ ಔಷಧಿ ಡಬ್ಬಿಯದ್ದೇ ಏಕೆ ಆಗಿರುತ್ತದೆ?

2011, ಮ್ಯಾಂಚೆಸ್ಟರ್ ಸಿಟಿಯ ಕೋಲೊ ಟೂರೆ: ಹೆಂಡತಿಯ ತೂಕ ಇಳಿಸುವ ಮಾತ್ರೆ. ಆರು ತಿಂಗಳ ನಿಷೇಧ. 2021, ಅಯಾಕ್ಸ್ ತಂಡದ ಗೋಲ್‌ಕೀಪರ್ ಆಂಡ್ರೆ ಒನಾನಾ: ಮತ್ತೆ ಹೆಂಡತಿಯ ಮಾತ್ರೆ. ಒಂದು ವರ್ಷ, ಮೇಲ್ಮನವಿಯ ಬಳಿಕ ಒಂಬತ್ತು ತಿಂಗಳು. 2023, ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿದ್ದ ಪಾಪು ಗೋಮೆಜ್: ಮಗನ ಕೆಮ್ಮಿನ ಸಿರಪ್. ಎರಡು ವರ್ಷ.

ಕೋಟಿಗಟ್ಟಲೆ ಸಂಬಳ, ಸ್ವಂತ ಅಡುಗೆಯವರು, ಆಹಾರ ತಜ್ಞರು, ಕರೆದರೆ ಓಡಿಬರುವ ಕ್ಲಬ್ಬಿನ ವೈದ್ಯರು. ಇಷ್ಟಿದ್ದೂ ನೆಗಡಿಯಾದರೆ ಕೈ ಹೋಗುವುದು ಹೆಂಡತಿಯ ಡಬ್ಬಿಗೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನು ಬಿಟ್ಟು ಮನೆಯವರನ್ನೇ ಡೊಂಕು ಮಾಡುತ್ತಾರೆ. ಈ ಕಥೆಗಳೆಲ್ಲ ವಕೀಲರ ಕೋಣೆಯಲ್ಲಿ ಹುಟ್ಟುತ್ತವೆ ಎಂಬುದು ನನ್ನ ಅನುಮಾನ. ಬೇರೆ ಅಭಿಪ್ರಾಯವಿದ್ದವರು ಹೇಳಿ.

ಸೊನ್ನೆ-ಸೊನ್ನೆ · ಸಂಜೆ 7:31

ನಿಮ್ಮ ಪಟ್ಟಿಯಲ್ಲಿ ಸಿಡಿಲು ಇಲ್ಲ. ಸಿಡಿಲಿಲ್ಲದ ಪಟ್ಟಿ ಪೂರ್ಣವಲ್ಲ.

2011ರ ಮಹಿಳಾ ವಿಶ್ವಕಪ್, ಜರ್ಮನಿ. ಉತ್ತರ ಕೊರಿಯಾ ಅಮೆರಿಕದ ಎದುರು 0-2ರಿಂದ ಸೋತಿತು. ತರಬೇತಿಯ ವೇಳೆ ನಮ್ಮ ಆಟಗಾರ್ತಿಯರಿಗೆ ಸಿಡಿಲು ಬಡಿದಿತ್ತು, ಅದಕ್ಕೇ ಸೋತೆವು ಎಂದರು ಕೋಚ್. ಜನ ನಕ್ಕು ಮರೆತರು. ಆಮೇಲೆ ಐವರು ಆಟಗಾರ್ತಿಯರ ಮೂತ್ರದಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಆಗ ಸಿಡಿಲು ಮತ್ತೆ ಬಂತು: ಸಿಡಿಲು ಬಡಿದವರಿಗೆ ಚಿಕಿತ್ಸೆಯೆಂದು ಕಸ್ತೂರಿ ಮೃಗದ ಗ್ರಂಥಿಯಿಂದ ಮಾಡಿದ ಸಾಂಪ್ರದಾಯಿಕ ಔಷಧ ಕೊಟ್ಟಿದ್ದೆವು, ಸ್ಟೆರಾಯ್ಡ್ ಅದರಿಂದ ಬಂದದ್ದು ಎಂದರು. ಫಿಫಾ ಆ ದೇಶವನ್ನು 2015ರ ವಿಶ್ವಕಪ್‌ನಿಂದಲೇ ಹೊರಗಿಟ್ಟಿತು.

ಇದರ ಮುಂದೆ ಹೆಂಡತಿಯ ಮಾತ್ರೆ ಯಾವ ಲೆಕ್ಕ?

ಮಾತ್ರೆ ಡಬ್ಬಿ · ರಾತ್ರಿ 8:05

ಸೊನ್ನೆ-ಸೊನ್ನೆ ಅವರೇ, ನಗುವ ಮೊದಲು ಒಂದು ಮಾತು. ಸಿಡಿಲಿನ ವಿಷಯ ದೇವರಿಗೇ ಗೊತ್ತು, ಆದರೆ ಕಸ್ತೂರಿಯ ಮಾತು ಸುಳ್ಳಲ್ಲ. ಪ್ರಯೋಗಾಲಯದವರು ಹೋಲಿಸಿ ನೋಡಿದಾಗ ಆ ಸ್ಟೆರಾಯ್ಡ್‌ಗಳ ಗುಂಪು ಕಸ್ತೂರಿಗೇ ಹೊಂದಿಕೊಂಡಿತು. ವಿವರಣೆಯ ಅರ್ಧ ನಿಜವಾಗಿತ್ತು, ಶಿಕ್ಷೆ ಮಾತ್ರ ಪೂರ್ತಿ ಬಿತ್ತು.

ಇನ್ನು ಹೆಂಡತಿಯ ಮಾತ್ರೆ. ನಾನು ಔಷಧಿ ಅಂಗಡಿಯ ಕೌಂಟರ್ ಹಿಂದೆ ಹದಿನೆಂಟು ವರ್ಷ ನಿಂತವಳು. ನನಗೆ ಆ ಕಥೆ ಕೇಳಿ ನಗು ಬರಲಿಲ್ಲ. ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಕೈಗೆ ತೆಗೆದುಕೊಂಡು ನೋಡಿ. ಹೆಸರು ಇರುವುದು ಬೆಳ್ಳಿ ಹಾಳೆಯ ಹಿಂಬದಿಯಲ್ಲಿ. ನಾಲ್ಕು ಮಾತ್ರೆ ಒತ್ತಿ ತೆಗೆಯುವಷ್ಟರಲ್ಲಿ ಹಾಳೆ ಹರಿದು ಹೆಸರಿನಲ್ಲಿ ಎರಡಕ್ಷರ ಉಳಿದಿರುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಮೊದಲ ದಿನವೇ ಬಿಸಾಡಿರುತ್ತಾರೆ. ತಲೆ ಸಿಡಿಯುತ್ತಿರುವಾಗ, ಮಗು ಏಳಬಾರದೆಂದು ದೀಪ ಹಾಕದೆ ಡ್ರಾಯರ್ ತಡಕುವವರು ಬೆರಳಿಗೆ ಸಿಕ್ಕಿದ ಬಿಳಿ ಗುಂಡು ಮಾತ್ರೆಯನ್ನು ನುಂಗಿ ಮಲಗುತ್ತಾರೆ. ಮರುದಿನ ಸ್ಟ್ರಿಪ್ ಹಿಡಿದುಕೊಂಡು ಗಾಬರಿಯಿಂದ ನನ್ನ ಮುಂದೆ ಬಂದು ನಿಂತವರನ್ನು ಎಣಿಸಿಟ್ಟಿಲ್ಲ, ಅಷ್ಟು ಜನ.

ಒನಾನಾ ಮೂತ್ರದಲ್ಲಿ ಸಿಕ್ಕಿದ್ದು ಫ್ಯುರೋಸಮೈಡ್. ಮೈಯಲ್ಲಿ ತುಂಬಿಕೊಂಡ ನೀರನ್ನು ಇಳಿಸುವ ಮಾತ್ರೆ. ಇದನ್ನು ನುಂಗಿದ ಗೋಲ್‌ಕೀಪರ್ ಇನ್ನಷ್ಟು ಎತ್ತರಕ್ಕೆ ಹಾರುವುದಿಲ್ಲ, ಮೇಲಿಂದ ಮೇಲೆ ಶೌಚಾಲಯಕ್ಕೆ ಓಡುತ್ತಾನೆ. ಆದರೂ ನಿಷೇಧಿತ ಪಟ್ಟಿಯಲ್ಲಿದೆ. ಏಕೆಂದರೆ ಮೂತ್ರ ತೆಳುವಾದರೆ ಅದರಲ್ಲಿ ಬೇರೆ ಮದ್ದಿನ ಸುಳಿವೂ ತೆಳುವಾಗುತ್ತದೆ. ಅವನು ಬೇಕೆಂದೇ ಮೋಸ ಮಾಡಿಲ್ಲ ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಕೂಡ ಒಪ್ಪಿತ್ತು.

ಗೋಮೆಜ್ ವಿಷಯ ಇನ್ನೂ ಸೂಕ್ಷ್ಮ. ಸಿರಪ್‌ನಲ್ಲಿದ್ದದ್ದು ಟರ್ಬ್ಯುಟಲಿನ್, ಶ್ವಾಸನಾಳ ಸಡಿಲಿಸುವ ಮದ್ದು. ಅದೇ ಕೆಲಸ ಮಾಡುವ ಸಾಲ್ಬ್ಯುಟಮಾಲ್ ಅನ್ನು ಇನ್ಹೇಲರ್ ಮೂಲಕ ದಿನಕ್ಕೆ 1600 ಮೈಕ್ರೋಗ್ರಾಂ ತನಕ, ಎಂಟು ಗಂಟೆಯೊಳಗೆ 600 ಮೀರದಂತೆ, ಯಾರನ್ನೂ ಕೇಳದೆ ಎಳೆದುಕೊಳ್ಳಬಹುದು. ಟರ್ಬ್ಯುಟಲಿನ್ ಆದರೆ ಯಾವ ರೂಪದಲ್ಲೇ ಇರಲಿ, ಮೊದಲೇ ಅನುಮತಿ ಬೇಕು. ಅಣ್ಣತಮ್ಮಂದಿರಂತಹ ಎರಡು ಮದ್ದು, ಒಬ್ಬನಿಗೆ ಬಾಗಿಲು ತೆರೆದಿದೆ, ಇನ್ನೊಬ್ಬನಿಗೆ ಬೀಗ. ಕೆಮ್ಮುತ್ತಾ ನಡುರಾತ್ರಿ ಎದ್ದವನಿಗೆ ಇದು ಹೊಳೆಯಬೇಕು ಎನ್ನುತ್ತೀರಿ.

ಎಡಗಾಲಿನವ · ರಾತ್ರಿ 8:14

ಮೇಡಂ, ಮಾತ್ರೆ ಅದಲುಬದಲಾಗಬಹುದು, ಒಪ್ಪಿದೆ. ಆದರೆ ಹಾಗೆ ಬದಲಾಗುವ ಮಾತ್ರೆ ಪ್ರತಿಸಲವೂ ನಿಷೇಧಿತ ಪಟ್ಟಿಯದ್ದೇ ಆಗಿರುವುದು ಹೇಗೆ?

ಮಾತ್ರೆ ಡಬ್ಬಿ · ರಾತ್ರಿ 8:16

ಪಟ್ಟಿಯಲ್ಲಿ ಇಲ್ಲದ ಮಾತ್ರೆ ಬದಲಾದರೆ ಅದು ನಿಮ್ಮ ಪತ್ರಿಕೆಗೆ ಸುದ್ದಿಯಾಗುವುದಿಲ್ಲ ಸರ್.

ಸೊನ್ನೆ-ಸೊನ್ನೆ · ರಾತ್ರಿ 8:17

1-0.

ಕಪ್ಪು ಕೋಟು · ರಾತ್ರಿ 9:02

ನೀವಿಬ್ಬರೂ ನಿಜವೋ ಸುಳ್ಳೋ ಎಂದು ಹಗ್ಗ ಜಗ್ಗುತ್ತಿದ್ದೀರಿ. ವಿಚಾರಣೆಯಲ್ಲಿ ಆ ಪ್ರಶ್ನೆ ಬರುವುದೇ ಎರಡನೆಯ ಹಂತದಲ್ಲಿ. ಮೊದಲ ಹಂತದಲ್ಲಿ ಕೇಳುವುದು ಒಂದೇ: ನಿಷೇಧಿತ ವಸ್ತು ನಿನ್ನ ದೇಹದಲ್ಲಿ ಇತ್ತೇ? ಇತ್ತು ಎಂದಾದರೆ ತಪ್ಪು ಸಾಬೀತಾಯಿತು. ಯಾರು ಕೊಟ್ಟರು, ಕತ್ತಲಿತ್ತೇ, ಕೆಮ್ಮಿತ್ತೇ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ನಿನ್ನ ದೇಹಕ್ಕೆ ನೀನೇ ಹೊಣೆ.

ನೆಪ ಕೆಲಸ ಮಾಡುವುದು ಶಿಕ್ಷೆಯ ಅಳತೆಯಲ್ಲಿ. ಸ್ಟೆರಾಯ್ಡ್‌ನಂತಹ ವಸ್ತುವಿಗೆ ನಾಲ್ಕು ವರ್ಷದಿಂದ ಲೆಕ್ಕ ಶುರುವಾಗುತ್ತದೆ. ಉದ್ದೇಶವಿರಲಿಲ್ಲ ಎಂದು ಆಟಗಾರನೇ ಸಾಬೀತು ಮಾಡಿದರೆ ಎರಡಕ್ಕೆ ಇಳಿಯುತ್ತದೆ. ಮಾಮೂಲಿ ಔಷಧಿಗಳಲ್ಲೂ ಇರುವಂತಹ ಇನ್ನೊಂದು ಗುಂಪಿನ ವಸ್ತುಗಳಿಗೆ ಎರಡು ವರ್ಷದಿಂದ ಶುರು. ಅಲ್ಲಿ ಮೋಸದ ಉದ್ದೇಶವಿತ್ತು ಎಂದು ತೋರಿಸುವ ಭಾರ ಸಂಸ್ಥೆಯ ಮೇಲೆ. ಅದಕ್ಕಿಂತ ಕೆಳಗೆ, ನಿರ್ಲಕ್ಷ್ಯ ಎಷ್ಟು ಕಡಿಮೆಯೋ ಅಷ್ಟು ರಿಯಾಯಿತಿ. ಆದ್ದರಿಂದ ವಕೀಲರು ಕಥೆ ಬರೆಯುವುದಿಲ್ಲ, ಎಡಗಾಲಿನವರೇ. ಕಥೆಯಲ್ಲಿ ತಿಂಗಳುಗಳನ್ನು ಹುಡುಕುತ್ತಾರೆ.

ಇಟಲಿಯ ಯುವೆಂಟಸ್ ತಂಡದಲ್ಲಿದ್ದ ಪಾಲ್ ಪೋಗ್ಬಾ ನೋಡಿ. 2023ರ ಆಗಸ್ಟ್ 20ರಂದು ಉದಿನೀಸ್ ವಿರುದ್ಧ ಯುವೆಂಟಸ್ ಆಡಿದಾಗ ಆತ ಬೆಂಚಿನಿಂದ ಏಳಲೂ ಇಲ್ಲ. ಆದರೂ ಪರೀಕ್ಷೆಗೆ ಕರೆ ಬಂತು, ಟೆಸ್ಟೊಸ್ಟೆರಾನ್ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ನಾಲ್ಕು ವರ್ಷ. ಅದೇ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 18 ತಿಂಗಳಿಗೆ ಇಳಿಸಿತು. ಫ್ಲೋರಿಡಾದ ವೈದ್ಯರೊಬ್ಬರು ಕೊಟ್ಟ ಪೂರಕದಲ್ಲಿ ದೇಹದೊಳಗೆ ಟೆಸ್ಟೊಸ್ಟೆರಾನ್ ಆಗಿ ಬದಲಾಗುವ ಡಿಎಚ್ಇಎ ಇತ್ತು, ಆ ವೈದ್ಯರು ದೊಡ್ಡ ಕ್ರೀಡಾಪಟುಗಳಿಗೆ ಚಿಕಿತ್ಸೆ ಕೊಡುವವರೆಂದು ನಂಬಿದ್ದ ಎಂಬ ವಾದ ನಿಂತಿತು. ಹಾಗೆಂದು ಖುಲಾಸೆ ಸಿಗಲಿಲ್ಲ. ಇನ್ನಷ್ಟು ಎಚ್ಚರ ವಹಿಸಬೇಕಿತ್ತು ಎಂದೂ ಅದೇ ತೀರ್ಪು ಹೇಳಿತು. ಮೂವತ್ತು ತಿಂಗಳ ಶಿಕ್ಷೆ ತಪ್ಪಿತು, ಹದಿನೆಂಟು ತಿಂಗಳ ಆಟ ಹೋಯಿತು.

ರಾತ್ರಿ ಪಂದ್ಯ · ರಾತ್ರಿ 9:20

ಅಮೆರಿಕನ್ ಫುಟ್‌ಬಾಲಿನಲ್ಲಿ ಇದಕ್ಕಿಂತ ಸುಲಭದ ದಾರಿ ಇತ್ತು. ಅಲ್ಲಿನ ಲೀಗ್ ಆದ ಎನ್ಎಫ್ಎಲ್, ಆಟಗಾರನನ್ನು ಅಮಾನತು ಮಾಡುತ್ತಿತ್ತು, ಆದರೆ ಯಾವ ಮದ್ದು ಎಂದು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಏಕಾಗ್ರತೆಯ ಸಮಸ್ಯೆಗೆ ಕೊಡುವ ಆಡರಾಲ್ ಮಾತ್ರೆ ಎಂದು ಹೇಳಿಬಿಟ್ಟರೆ ಸ್ಟೆರಾಯ್ಡ್ ಎಂಬ ಕಳಂಕ ತಪ್ಪುತ್ತಿತ್ತು. ಯಾರು ನಿಜ ಹೇಳಿದರು, ಯಾರು ಅದರ ನೆರಳಿನಲ್ಲಿ ನಿಂತರು, ಹೊರಗಿನವರಿಗೆ ತಿಳಿಯುವ ದಾರಿ ಇರಲಿಲ್ಲ.

2014ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ರಾಬರ್ಟ್ ಮ್ಯಾಥಿಸ್ ಮಗು ಬೇಕೆಂದು ಸಂತಾನ ಚಿಕಿತ್ಸೆಯ ಔಷಧ ತೆಗೆದುಕೊಂಡೆ ಎಂದರು. ನಾಲ್ಕು ಪಂದ್ಯ ಹೊರಗೆ ಕೂರಬೇಕಾಯಿತು. ಆ ಔಷಧ ಗಂಡಸಿನಲ್ಲಿ ಟೆಸ್ಟೊಸ್ಟೆರಾನ್ ಏರಿಸುತ್ತದೆ ಎಂಬುದೂ ನಿಜ, ಮಕ್ಕಳಾಗಲೆಂದು ವೈದ್ಯರು ಬರೆದುಕೊಡುತ್ತಾರೆ ಎಂಬುದೂ ನಿಜ.

ಎಡಗಾಲಿನವ · ರಾತ್ರಿ 9:26

ಅದು ಬೇರೆ ಆಟ, ಬೇರೆ ಕಾನೂನು. ಇಲ್ಲಿಗೆ ಎಳೆದು ತರಬೇಡಿ. ಆದರೆ ಕಪ್ಪು ಕೋಟಿನವರು ವೈದ್ಯರ ಮಾತು ತೆಗೆದರಲ್ಲ, ಅದಕ್ಕೆ ಫ್ರಾನ್ಸ್‌ನ ಆಟಗಾರ ಸಮೀರ್ ನಸ್ರಿಯನ್ನು ಸೇರಿಸುತ್ತೇನೆ. 2016ರ ಡಿಸೆಂಬರ್, ಲಾಸ್ ಏಂಜಲೀಸ್‌ನ ಒಂದು ಕ್ಲಿನಿಕ್. ರಕ್ತನಾಳಕ್ಕೆ 500 ಮಿಲಿಲೀಟರ್ ವಿಟಮಿನ್ ದ್ರವ. ಆಗಿನ ಮಿತಿ ಆರು ಗಂಟೆಗೆ 50. ಹತ್ತು ಪಟ್ಟು! ಹೊರಗೆ ಬಂದದ್ದು ಹೇಗೆಂದರೆ ಕ್ಲಿನಿಕ್‌ನವರೇ ನಗುನಗುತ್ತಾ ತೆಗೆಸಿಕೊಂಡ ಫೋಟೊವನ್ನು ಟ್ವಿಟರ್‌ಗೆ ಹಾಕಿದರು. ಆಮೇಲೆ ಮೈ ಹುಷಾರಿರಲಿಲ್ಲ, ಚಿಕಿತ್ಸಾ ವಿನಾಯಿತಿ (ರೋಗವಿದ್ದವರಿಗೆ ನಿಷೇಧಿತ ಚಿಕಿತ್ಸೆಗೂ ಕೊಡುವ ಅನುಮತಿ) ಕೊಡಿ ಎಂದು ಅರ್ಜಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅರ್ಜಿ ತಿರಸ್ಕಾರವಾಯಿತು. 2018ರಲ್ಲಿ ಮೊದಲು ಆರು ತಿಂಗಳು, ಮೇಲ್ಮನವಿಯಲ್ಲಿ ಹದಿನೆಂಟು. ಈ ಕಥೆಯಲ್ಲಿ ಯಾರ ಡ್ರಾಯರೂ ಇಲ್ಲ, ಕತ್ತಲೂ ಇಲ್ಲ.

ಕಾರಿಡಾರ್ · ರಾತ್ರಿ 10:11

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಕೆಲವು ಋತು ಪರೀಕ್ಷಾ ತಂಡದ ಜೊತೆ ಸಹಾಯಕನಾಗಿದ್ದೆ. ಯಾವ ಲೀಗ್ ಎಂದು ಕೇಳಬೇಡಿ.

ಪಂದ್ಯ ಮುಗಿಯುವ ಸೀಟಿ ಊದಿದ ತಕ್ಷಣ ಆಟಗಾರನ ಬೆನ್ನಿಗೆ ನಿಲ್ಲುವುದು ನನ್ನ ಕೆಲಸ. ಆ ಕ್ಷಣದಿಂದ ಅವನು ನನ್ನ ಕಣ್ಣಳತೆ ದಾಟುವಂತಿಲ್ಲ. ಕೋಣೆಯಲ್ಲಿ ಒಂದು ಮೇಜು, ಒಂದು ಫ್ರಿಜ್, ಮುಚ್ಚಳ ಒಡೆಯದ ನೀರಿನ ಬಾಟಲಿಗಳು. ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು. ಕೇಳಲು ಏನೂ ಅಲ್ಲ ಎನ್ನಿಸುತ್ತದೆ. ತೊಂಬತ್ತು ನಿಮಿಷ ಓಡಿ ಬೆವರಾಗಿ ಹರಿದವನಿಗೆ ಅದು ಎರಡು ಗಂಟೆಯ ಕೆಲಸ. ನೀರು ಜಾಸ್ತಿ ಕುಡಿದರೆ ಮಾದರಿ ತೆಳುವಾಯಿತು, ಇನ್ನೊಮ್ಮೆ ಕೊಡಿ ಎನ್ನುತ್ತಾರೆ. ಶೌಚಾಲಯಕ್ಕೆ ಹೋದಾಗ ಅಂಗಿಯನ್ನು ಎದೆಯ ತನಕ ಎತ್ತಿ, ಚಡ್ಡಿಯನ್ನು ಮೊಣಕಾಲಿಗೆ ಇಳಿಸಿ ನಿಲ್ಲಬೇಕು. ಅಧಿಕಾರಿ ಎದುರೇ ನೋಡುತ್ತಿರುತ್ತಾರೆ. ಹೊರಗೆ ತಂಡದ ಬಸ್ ಹಾರ್ನ್ ಹಾಕುತ್ತಿರುತ್ತದೆ. ಆಮೇಲೆ ಅವನೇ ಎರಡು ಬಾಟಲಿಗೆ ಸುರಿದು, ಅವನೇ ಮುಚ್ಚಳ ತಿರುಗಿಸಬೇಕು. ಕಟಕಟ ಎಂಬ ಸದ್ದು ನಿಲ್ಲುವ ತನಕ.

ಕೊನೆಗೆ ಒಂದು ನಮೂನೆ. ಅದರಲ್ಲಿ ಒಂದು ಖಾನೆ: ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧ ಮತ್ತು ಪೂರಕಗಳು. ಒಬ್ಬ ಹಿರಿಯ ಡಿಫೆಂಡರ್ ಹನ್ನೊಂದು ಹೆಸರು ಬರೆದ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಬರೆದ. ಅದೇ ಸಂಜೆ ಹತ್ತೊಂಬತ್ತರ ಒಬ್ಬ ಹುಡುಗ 'ಏನೂ ಇಲ್ಲ' ಎಂದು ಬರೆದು ಸಹಿ ಹಾಕಿದ. ಅವನ ಕಾಲುಚೀಲದ ಅಂಚಿನಲ್ಲಿ ನೀಲಿ ಇನ್ಹೇಲರ್ ಕಾಣುತ್ತಿತ್ತು. ಕೋಣೆಯಲ್ಲಿದ್ದ ಎಲ್ಲರೂ ಅದನ್ನು ನೋಡಿದೆವು. ಅವನಿಗೆ ಬಸ್ಸಿನ ಚಿಂತೆ.

ಈ ಚರ್ಚೆಯಲ್ಲಿ ಆ ಖಾನೆಯ ಮಾತು ಯಾರೂ ಎತ್ತಲಿಲ್ಲ. ಸಿಕ್ಕಿಬೀಳುತ್ತೇನೆಂದು ಗೊತ್ತಾಗುವ ಮೊದಲೇ ಆಟಗಾರ ತನ್ನ ಕೈಯಿಂದ ಬರೆಯುವ ಮಾತು ಅದೊಂದೇ. ಪತ್ರಿಕಾಗೋಷ್ಠಿಯ ಕಣ್ಣೀರಿಗಿಂತ ನಾನು ಅದನ್ನು ನಂಬುತ್ತೇನೆ.

ಕಪ್ಪು ಕೋಟು · ರಾತ್ರಿ 10:30

ಒಳ್ಳೆಯ ಮಾತು. ಒಂದು ತಿದ್ದುಪಡಿ: ಖಾನೆಯಲ್ಲಿ ಬರೆದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ವಿನಾಯಿತಿ ಬೇರೆಯೇ ಅರ್ಜಿ. ರೋಗ ನಿಜವಾಗಿ ಇದೆ, ಆ ಮದ್ದಿನಿಂದ ಮಾಮೂಲಿ ಆರೋಗ್ಯಕ್ಕಿಂತ ಹೆಚ್ಚಿನ ಬಲ ಬರುವುದಿಲ್ಲ, ಬೇರೆ ಸೂಕ್ತ ಚಿಕಿತ್ಸೆ ಇಲ್ಲ ಎಂದು ವೈದ್ಯಕೀಯ ದಾಖಲೆ ಸಮೇತ ತೋರಿಸಬೇಕು. ತುರ್ತು ಪರಿಸ್ಥಿತಿ ಬಿಟ್ಟರೆ ಮದ್ದು ತೆಗೆದುಕೊಳ್ಳುವ ಮೊದಲೇ.

ಮಾತ್ರೆ ಡಬ್ಬಿ · ರಾತ್ರಿ 10:41

ಕಾರಿಡಾರ್ ಅವರೇ, ನಿಮ್ಮ ಖಾನೆಯಲ್ಲಿ ಒಂದು ತೊಡಕಿದೆ. ತಪ್ಪು ಮಾತ್ರೆ ನುಂಗಿದವನು ತಾನು ನುಂಗಿದ್ದೇನೆ ಎಂದುಕೊಂಡ ಸರಿಯಾದ ಮಾತ್ರೆಯ ಹೆಸರನ್ನೇ ಬರೆದಿರುತ್ತಾನೆ.

ಕಾರಿಡಾರ್ · ರಾತ್ರಿ 10:48

ತೊಡಕಲ್ಲ ಮೇಡಂ, ಅದೇ ಸಾಕ್ಷಿ. ನೆಗಡಿಯ ಮಾತ್ರೆ ಎಂದು ಬರೆದಿದ್ದಾನೆ, ಮೂತ್ರದಲ್ಲಿ ನೆಗಡಿಯ ಮಾತ್ರೆಯ ಅಂಶ ಇಲ್ಲ, ಬೇರೊಂದು ಇದೆ. ಅಂಥವನ ಮಾತಿಗೆ ಬೆಲೆ ಇದೆ. 'ಏನೂ ಇಲ್ಲ' ಎಂದು ಬರೆದು ಮೂರು ತಿಂಗಳ ಮೇಲೆ ಹೆಂಡತಿಯ ಡ್ರಾಯರ್ ನೆನಪಾದವನ ಮಾತಿಗೆ ಕಡಿಮೆ.

ಕ್ಯಾಪ್ಟನ್ ಪಟ್ಟಿ · ರಾತ್ರಿ 11:19

ಎಲ್ಲರೂ ಆಟಗಾರನ ನೆಪವನ್ನೇ ತೂಗುತ್ತಿದ್ದೀರಿ. ಪರೀಕ್ಷೆ ಮಾಡಿದವರೇ ತಪ್ಪಿದರೆ ಏನು ಮಾಡುತ್ತೀರಿ? ಲಿವರ್‌ಪೂಲ್‌ನಲ್ಲಿ ಆಡುತ್ತಿದ್ದ ಫ್ರಾನ್ಸ್‌ನ ಮಮಾಡು ಸಾಕೊ ಹೆಸರನ್ನು ಇಷ್ಟು ಹೊತ್ತಾದರೂ ಯಾರೂ ತೆಗೆಯದಿರುವುದು ನನಗೆ ಸಿಟ್ಟು ತರಿಸಿದೆ.

2016ರ ಮಾರ್ಚ್, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ನಡುವಿನ ಯೂರೋಪಾ ಲೀಗ್ ಪಂದ್ಯ. ಅದರ ನಂತರದ ಪರೀಕ್ಷೆಯಲ್ಲಿ ಸಾಕೊ ಮೂತ್ರದಲ್ಲಿ ಹಿಜೆನಮೈನ್ ಸಿಕ್ಕಿತು. ಕೊಬ್ಬು ಕರಗಿಸುವ ಪೂರಕದಿಂದ ಬಂದದ್ದು, ತೆಗೆದುಕೊಂಡಿದ್ದೇನೆ ಎಂದು ಅವನೇ ಹೇಳಿದ. ತಾತ್ಕಾಲಿಕ ಅಮಾನತು. ಬಾಸೆಲ್‌ನಲ್ಲಿ ನಡೆದ ಫೈನಲ್ ತಪ್ಪಿತು. ತನ್ನ ದೇಶದಲ್ಲೇ ನಡೆದ ಯೂರೋ ಕಪ್ ತಪ್ಪಿತು. ಜುಲೈನಲ್ಲಿ ಯುಇಎಫ್ಎ ಪ್ರಕರಣವನ್ನೇ ಕೈಬಿಟ್ಟಿತು: ಆ ವಸ್ತು ನಿಷೇಧಿತ ಪಟ್ಟಿಯಲ್ಲಿದೆ ಎಂದು ಹೇಳಲು ಬರುವುದಿಲ್ಲವಂತೆ! ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡದ್ದು 2017ರಲ್ಲಿ. ಆಮೇಲೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಅವನ ಬಗ್ಗೆ ಹಗುರವಾಗಿ ಮಾತನಾಡಿತು. ಅವನು ಲಂಡನ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. 2020ರಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.

ಪರಿಹಾರದ ಹಣದಿಂದ ಫೈನಲ್ ಆಡಲು ಬರುತ್ತದೆಯೇ? ಅವನಿಗೆ ಆಗ ಇಪ್ಪತ್ತಾರು. ಮೂತ್ರದಲ್ಲಿ ಏನೋ ಸಿಕ್ಕಿತು ಎಂದ ಸುದ್ದಿ ಮುಖಪುಟದಲ್ಲಿ, ತಪ್ಪಿಲ್ಲ ಎಂದ ಸುದ್ದಿ ಒಳಪುಟದ ಮೂಲೆಯಲ್ಲಿ. ಇವತ್ತಿಗೂ ಹೆಸರು ಕೇಳಿದರೆ 'ಓ, ಆ ಮದ್ದಿನವನು' ಎನ್ನುವವರಿದ್ದಾರೆ.

ಸೊನ್ನೆ-ಸೊನ್ನೆ · ರಾತ್ರಿ 11:34

ಇದಕ್ಕೆ ತಮಾಷೆ ಮಾಡುವುದಿಲ್ಲ.

ಮಾಂಸದ ಪ್ರಸಂಗವೂ ಇದರ ಹತ್ತಿರದ್ದೇ. 2011ರಲ್ಲಿ ಮೆಕ್ಸಿಕೊದ ಐವರು ಆಟಗಾರರು, ಕೊಬ್ಬು ಇಳಿಸಿ ಮಾಂಸ ಹೆಚ್ಚಿಸಲು ದನಗಳಿಗೂ ಕೊಡುವ ಕ್ಲೆನ್‌ಬ್ಯುಟರಾಲ್ ಎಂಬ ಮದ್ದು ಪತ್ತೆಯಾಗಿ ಗೋಲ್ಡ್ ಕಪ್‌ನಿಂದ ಹೊರಬಿದ್ದರು. ದನದ ಮಾಂಸದಲ್ಲಿತ್ತು ಎಂದಾಗ ಎಲ್ಲರಿಗೂ ಅದೇ ಹಳೆಯ ನಗು. ಅದೇ ವರ್ಷ ಅದೇ ದೇಶದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. 208 ಮಾದರಿಗಳಲ್ಲಿ 109ರಲ್ಲಿ ಕ್ಲೆನ್‌ಬ್ಯುಟರಾಲ್! ಪ್ರಪಂಚದ ಅರ್ಧದಷ್ಟು ಹುಡುಗರು ಒಟ್ಟಿಗೆ ಸೇರಿ ಮೋಸ ಮಾಡಿರಲು ಸಾಧ್ಯವಿಲ್ಲವಲ್ಲ. ಆ ಐವರನ್ನು ಬಿಟ್ಟದ್ದರ ವಿರುದ್ಧ ಹಾಕಿದ್ದ ಮೇಲ್ಮನವಿಯನ್ನು ವಾಡಾ ಹಿಂತೆಗೆದುಕೊಂಡಿತು. ಮೆಕ್ಸಿಕೊದ ಹುಡುಗರ ಮಾದರಿ ಶುದ್ಧವಾಗಿತ್ತು, ಅವರಿಗೆ ಮಾಂಸ ಬಿಡಿಸಿ ಮೀನು, ತರಕಾರಿ ಕೊಟ್ಟಿದ್ದರಂತೆ. ಅಡುಗೆಮನೆಯವರಿಗೆ ಮೊದಲೇ ಗೊತ್ತಿತ್ತು ಎಂದಾಯಿತು.

ಕಪ್ಪು ಕೋಟು · ರಾತ್ರಿ 11:50

ವೈದ್ಯರ ತಪ್ಪಿಗೆ ವೈದ್ಯರಿಗೂ ಶಿಕ್ಷೆಯಾದ ಉದಾಹರಣೆ ಇದೆ. 2017ರಲ್ಲಿ ಇಟಲಿಯ ಬೆನೆವೆಂಟೊ ತಂಡದ ನಾಯಕ ಫ್ಯಾಬಿಯೊ ಲೂಚಿಯೊನಿ. ಗಾಯಕ್ಕೆ ತಂಡದ ವೈದ್ಯರು ಸ್ಪ್ರೇ ಹೊಡೆದರು. ಅದರಲ್ಲಿ ಕ್ಲೊಸ್ಟೆಬಾಲ್ ಎಂಬ ಸ್ಟೆರಾಯ್ಡ್ ಇತ್ತು. ಆಟಗಾರನಿಗೆ ಒಂದು ವರ್ಷ, ವೈದ್ಯರಿಗೆ ನಾಲ್ಕು. ಇಟಲಿಯಲ್ಲಿ ಇಂತಹ ಔಷಧದ ಪೆಟ್ಟಿಗೆಯ ಮೇಲೆ ಕೆಂಪು ವೃತ್ತದೊಳಗೆ 'ಡೋಪಿಂಗ್' ಎಂದು ಅಡ್ಡಗೆರೆ ಎಳೆದು ಮುದ್ರಿಸಿರುತ್ತಾರೆ. ಬೆನ್ನು ಬಗ್ಗಿಸಿ ನಿಂತ ಆಟಗಾರನಿಗೆ ಪೆಟ್ಟಿಗೆ ಕಾಣುವುದಿಲ್ಲ, ಹಿಡಿದವರಿಗೆ ಕಾಣಬೇಕು.

ಎಡಗಾಲಿನವ · ಮರುದಿನ ಬೆಳಿಗ್ಗೆ 6:40

ರಾತ್ರಿ ಎಲ್ಲವನ್ನೂ ಎರಡು ಸಲ ಓದಿದೆ. ಹೆಂಡತಿಯರ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಸ್ರಿಯ ಬಗ್ಗೆ ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ. ಪೋಗ್ಬಾ ಬಗ್ಗೆ ಇನ್ನೂ ಮನಸ್ಸು ಅತ್ತಿತ್ತ ಆಡುತ್ತಿದೆ: ಸ್ವಂತ ಕ್ಲಬ್ಬಿನ ವೈದ್ಯರನ್ನು ಒಂದು ಮಾತು ಕೇಳದೆ ಸಾಗರದಾಚೆಯ ವೈದ್ಯರ ಪುಡಿ ನುಂಗುವವನನ್ನು ಅಮಾಯಕ ಎನ್ನಲು ನನ್ನಿಂದ ಆಗದು. ಸಾಕೊ ವಿಷಯ ನಾನು ಮರೆತೇಬಿಟ್ಟಿದ್ದೆ. ಕ್ಯಾಪ್ಟನ್ ಪಟ್ಟಿಯವರೇ, 'ಆ ಮದ್ದಿನವನು' ಎಂದವರಲ್ಲಿ ನಾನೂ ಒಬ್ಬ.

ಕಾರಿಡಾರ್ ಸರ್, ಕಾಲುಚೀಲದಲ್ಲಿ ಇನ್ಹೇಲರ್ ಇಟ್ಟುಕೊಂಡಿದ್ದ ಹುಡುಗನಿಗೆ ಏನಾಯಿತು?

ಮಾತ್ರೆ ಡಬ್ಬಿ · ಬೆಳಿಗ್ಗೆ 7:55

ನೀಲಿ ಬಣ್ಣದ್ದು ಎಂದರೆ ಬಹುತೇಕ ಸಾಲ್ಬ್ಯುಟಮಾಲ್ ಇರುತ್ತದೆ. ಮಿತಿಯೊಳಗಿದ್ದರೆ ಬರೆದಿದ್ದರೂ ಏನೂ ಆಗುತ್ತಿರಲಿಲ್ಲ ಪಾಪ.

ಕಾರಿಡಾರ್ · ಬೆಳಿಗ್ಗೆ 9:10

ಫಲಿತಾಂಶವನ್ನು ನಮ್ಮಂತಹ ಸಹಾಯಕರಿಗೆ ತಿಳಿಸುವುದಿಲ್ಲ. ಎರಡು ಮೂರು ತಿಂಗಳು ಪತ್ರಿಕೆಯ ಕ್ರೀಡಾಪುಟದಲ್ಲಿ ಅವನ ಹೆಸರು ಹುಡುಕುತ್ತಿದ್ದೆ. ಬದಲಿ ಆಟಗಾರರ ಸಾಲಿನಲ್ಲಿ ಸಿಗುತ್ತಿತ್ತು. ಆಮೇಲೆ ಹುಡುಕುವುದನ್ನು ಬಿಟ್ಟೆ.